ಕೂರುವ ಜಾಗ ಹೊಸದಾಗಲಿ, ಮರ ಹಳೆಯದೇ ಇರಲಿ

ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳೆಯ ಮನೆಗಳಲ್ಲಿ ಕುರ್ಚಿ ಇದ್ದರೆ ಹೆಚ್ಚಾಗಿ ಒಂದೇ. ಉಳಿದವರಿಗೆ ಜಗಲಿ, ಚಾಪೆ, ಕಂಬಳಿ. ಆ ಒಂದು ಕುರ್ಚಿ ಈಗ ಮೊಮ್ಮಕ್ಕಳ ಪಾಲಿಗೆ ಬಂದಿದೆ. ಬೆತ್ತ ಹರಿದು ಜೋತುಬಿದ್ದಿದೆ, ಒಂದು ಕಾಲು ಅಲ್ಲಾಡುತ್ತದೆ, ಕೈಗಳ ತುದಿ ಮಾತ್ರ ಈಗಲೂ ಹೊಳೆಯುತ್ತದೆ. ಮನೆಗೆ ಸುಣ್ಣ ಬಣ್ಣ ಮಾಡಿಸುವಾಗಲೋ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ನೆಂಟರು ಬರುವ ಮುಂಚೆಯೋ ಅದರ ಮಾತು ಏಳುತ್ತದೆ. ನಮ್ಮಲ್ಲಿ ರೂಢಿಯಾಗಿರುವ ಪರಿಹಾರ ಒಂದೇ: ಬೆತ್ತ ಕಿತ್ತು ಹಾಕುವುದು, ಪ್ಲೈವುಡ್ ಬಡಿಯುವುದು, ಮೇಲೆ ಸ್ಪಂಜಿಟ್ಟು ರೆಕ್ಸಿನ್ ಹೊದಿಸುವುದು, ಮರವನ್ನೆಲ್ಲ ಉಜ್ಜಿಸಿ ವಾರ್ನಿಷ್ ಹೊಡೆಸುವುದು. ಈ ರೂಢಿ ತಪ್ಪು ಎಂಬುದು ನನ್ನ ವಾದ. ಹಾಗೆಂದು ಅದರ ಎದುರಿಗೆ ನಿಂತು ‘ಏನನ್ನೂ ಮುಟ್ಟಬೇಡಿ’ ಎನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ.

ನಮ್ಮ ಮನೆಯಲ್ಲಿ ತಾತನ ಕಾಲದ ತೇಗದ ಕುರ್ಚಿಯ ವಿಷಯ ಬಂದಾಗ ಈ ಎರಡೂ ಮಾತು ಒಟ್ಟಿಗೇ ಕೇಳಿದವು. ‘ಬೆತ್ತ ಹೆಣ್ಯೋರು ಎಲ್ಲವ್ರೆ ಈಗ, ಸ್ಪಂಜ್ ಹಾಕ್ಸಿಬಿಡು’ ಎಂದರು ಚಿಕ್ಕಪ್ಪ. ‘ತಾತನ ಕುರ್ಚಿ ಅದು, ಇದ್ದಂಗೇ ಇರ್ಲಿ, ಯಾರೂ ಮುಟ್‌ಬ್ಯಾಡ್ರಿ’ ಎಂದಳು ಅಕ್ಕ. ಚಿಕ್ಕಪ್ಪನಿಗೆ ಬೇಕಾದದ್ದು ಕೂರಲು ಬರುವ ಕುರ್ಚಿ, ಅಕ್ಕನಿಗೆ ಬೇಕಾದದ್ದು ತಾತನ ನೆನಪು. ಎರಡೂ ಬೇಡಿಕೆ ನ್ಯಾಯವಾದದ್ದೇ. ಆದರೆ ಇಬ್ಬರೂ ಕುರ್ಚಿಯನ್ನು ಇಡಿಯಾಗಿ ಒಂದೇ ವಸ್ತುವೆಂದು ನೋಡುತ್ತಿದ್ದರು. ಬೆತ್ತದ ಕುರ್ಚಿ ಒಂದು ವಸ್ತುವಲ್ಲ, ಎರಡು. ತಲೆಮಾರುಗಟ್ಟಲೆ ಬಾಳಲೆಂದು ಮಾಡಿದ್ದು ಮರದ ಚೌಕಟ್ಟು. ಹರಿದಾಗ ಬದಲಿಸಲೆಂದೇ ಮಾಡಿದ್ದು ಕೂರುವ ಬೆತ್ತ. ಇದನ್ನು ಮರೆತರೆ ಉಳಿಸಬೇಕಾದದ್ದನ್ನು ಕೆಡಿಸಿ, ಬದಲಿಸಬೇಕಾದದ್ದಕ್ಕೆ ಕಣ್ಣೀರು ಹಾಕುತ್ತೇವೆ.

ಆಸನದ ಚೌಕಟ್ಟನ್ನು ಬಗ್ಗಿ ನೋಡಿದರೆ ಸುತ್ತಲೂ ಸಾಲಾಗಿ ಸಣ್ಣ ತೂತುಗಳು ಕಾಣುತ್ತವೆ. ಬೆತ್ತದ ಮೇಲ್ಮೈಯಿಂದ ಸೀಳಿದ ತೆಳ್ಳನೆಯ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ಆ ತೂತುಗಳಲ್ಲಿ ತೂರಿಸಿ ಹೆಣೆಯುತ್ತಾರೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಎರಡೂ ಕಡೆಯಿಂದ ಓರೆಯಾಗಿ. ಹೆಣಿಗೆ ಮುಗಿದಾಗ ಎಂಟು ಮೂಲೆಯ ಕಣ್ಣುಗಳು ಮೂಡಿರುತ್ತವೆ, ಒಣಗುತ್ತ ಬಂದಂತೆ ಅದು ಬಿಗಿಯಾಗುತ್ತದೆ. ಇದರಲ್ಲಿ ಮೊಳೆ ಇಲ್ಲ, ಅಂಟೂ ಇಲ್ಲವೆನ್ನುವಷ್ಟು ಕಡಿಮೆ. ಹರಿದರೆ ಕತ್ತರಿಸಿ ತೆಗೆದು, ತೂತು ಚೊಕ್ಕಟ ಮಾಡಿ, ಅದೇ ತೂತುಗಳಲ್ಲಿ ಹೊಸ ಬೆತ್ತ ಹೆಣೆಯಬಹುದು. ಮರಕ್ಕೆ ಒಂದು ಗೀರೂ ಬೀಳುವುದಿಲ್ಲ. ಈ ಕುರ್ಚಿಯನ್ನು ಮಾಡಿದ ಬಡಗಿ ಮುಂದೆ ಯಾರೋ ಬಂದು ಇದನ್ನು ರಿಪೇರಿ ಮಾಡುತ್ತಾರೆಂದು ತಿಳಿದೇ ಆ ತೂತುಗಳನ್ನು ಕೊರೆದಿದ್ದಾನೆ. ಹಾಗಾಗಿ ತಾತ ಕೂತ ಬೆತ್ತವನ್ನೇ ಉಳಿಸಿಕೊಳ್ಳಬೇಕು ಎಂಬ ಅಕ್ಕನ ಆಸೆಗೆ ಆಧಾರ ಸಾಲದು. ತಾತನೇ ತನ್ನ ಆಯಸ್ಸಿನಲ್ಲಿ ಅದನ್ನು ಮತ್ತೆ ಹೆಣೆಸಿದ್ದಿರಬಹುದು. ಊರ ತೇರಿನ ಅಚ್ಚು, ಗಾಲಿ ಸವೆದರೆ ಹೊಸದು ಕೂರಿಸುತ್ತಾರೆ. ಅದರಿಂದ ಅದು ಬೇರೆ ತೇರಾಯಿತೆಂದು ಯಾರೂ ಹೇಳುವುದಿಲ್ಲ.

ಮರದ ಮಾತೇ ಬೇರೆ. ಬೇವು, ಜಾಲಿ ಬಿಟ್ಟರೆ ಹೆಚ್ಚು ಮರವಿಲ್ಲದ ನಮ್ಮ ಬಯಲಿಗೆ ತೇಗವೂ ಬೀಟೆಯೂ ಮಲೆನಾಡಿನ ಕಡೆಯಿಂದ ಬರಬೇಕಿತ್ತು. ಹಾಗೆ ಬಂದ ಮರ ಇಲ್ಲಿನ ಬಿಸಿಲಲ್ಲಿ ಎಷ್ಟೋ ಬೇಸಿಗೆ ಕಳೆದು, ಹಿಗ್ಗುವಷ್ಟು ಹಿಗ್ಗಿ ಕುಗ್ಗುವಷ್ಟು ಕುಗ್ಗಿ, ಈ ಹವೆಗೆ ಒಗ್ಗಿಕೊಂಡಿದೆ. ಹೊಸ ಮರದಿಂದ ಇಂದು ಅದೇ ಅಳತೆಯ ಕುರ್ಚಿ ಮಾಡಿಸಿದರೂ ಈ ಗುಣ ತಕ್ಷಣ ಬರುವುದಿಲ್ಲ. ಇನ್ನು ಕೈಗಳ ಮೇಲಿನ ಹೊಳಪು. ಅದು ಪಾಲಿಶ್ ಮಾತ್ರವಲ್ಲ. ಅಂಗೈಯ ಜಿಡ್ಡು, ಬೆವರು, ಬಟ್ಟೆಯ ಉಜ್ಜಾಟ ಎಲ್ಲ ಸೇರಿ ವರ್ಷಾನುಗಟ್ಟಲೆಯಲ್ಲಿ ಕಟ್ಟಿದ ಪದರ. ತಾತನ ಗುರುತು ಈ ಕುರ್ಚಿಯಲ್ಲಿ ಎಲ್ಲಾದರೂ ಇದ್ದರೆ ಇಲ್ಲಿಯೇ ಇದೆ. ಸ್ಯಾಂಡ್ ಪೇಪರ್ ಮಷೀನು ಅದನ್ನು ಹತ್ತು ನಿಮಿಷದಲ್ಲಿ ಪುಡಿ ಮಾಡಿ ನೆಲಕ್ಕೆ ಉದುರಿಸುತ್ತದೆ. ಮೇಲೆ ಎಷ್ಟು ದುಬಾರಿ ವಾರ್ನಿಷ್ ಹೊಡೆದರೂ ಅದು ಮರಳುವುದಿಲ್ಲ. ಹೊಸದರಂತೆ ಕಾಣಿಸುವುದೇ ರಿಪೇರಿಯ ಯಶಸ್ಸು ಎಂದು ನಾವು ತಿಳಿದಿರುವುದೇ ಇಲ್ಲಿಯ ದೊಡ್ಡ ತಪ್ಪು. ಹಳೆಯ ಕುರ್ಚಿಯ ಪಾಲಿಶ್ ಹೆಚ್ಚಾಗಿ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಕಣ್ಣಿಗೆ ಬೀಳದ ಕಡೆ, ಆಸನದ ಅಡಿಯಲ್ಲಿ, ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಮೆತ್ತಗಾಗಿ ಅಂಟಿದರೆ ಅದು ಅರಗು. ಮಾಸಿದ ಕಡೆ ಮಾತ್ರ ಅದನ್ನೇ ತೆಳ್ಳಗೆ ಹಚ್ಚಿಸಬಹುದು, ಕೈಗಳಿಗೆ ಒಣಬಟ್ಟೆ ಮತ್ತು ಸ್ವಲ್ಪ ಜೇನುಮೇಣ ಸಾಕು.

ಅಲ್ಲಾಡುವ ಕಾಲಿನ ವಿಷಯದಲ್ಲೂ ನಾವು ಅವಸರ ಮಾಡುತ್ತೇವೆ. ಒಳ್ಳೆಯ ಹಳೆಯ ಕುರ್ಚಿಯ ಸಂದುಗಳು ಕಿಂಡಿಯೊಳಗೆ ನಾಲಗೆ ಕೂರಿಸಿ ಬಿಗಿದವು. ಹಿಂದಿನ ಬಡಗಿಗಳು ಬಳಸುತ್ತಿದ್ದದ್ದು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ಅದು ಬಿಸಿ ಮತ್ತು ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಬಿಚ್ಚಿ, ಒರೆಸಿ, ಮತ್ತೆ ಅಂಟಿಸಿ ಹಗ್ಗದಿಂದ ಬಿಗಿದರೆ ಕಾಲು ನೆಟ್ಟಗೆ ನಿಲ್ಲುತ್ತದೆ. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಬಡಗಿಯ ಕೆಲಸ ಎಷ್ಟೋ ಹಗುರವಾಯಿತು, ಅದನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಆ ಅಂಟು ಒಮ್ಮೆ ಹಿಡಿದರೆ ಮುಂದಿನ ರಿಪೇರಿಗೆ ಸಂದು ಸುಲಭವಾಗಿ ಬಿಡುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಮೊಳೆ. ಸಂದಿಗೆ ಹೊಡೆದ ಒಂದು ಮೊಳೆ ನಾಲಗೆಯನ್ನೇ ಸೀಳಿಬಿಡಬಲ್ಲದು. ಆಮೇಲೆ ಆ ಕಾಲಿಗೆ ಕಬ್ಬಿಣದ ಪಟ್ಟಿಯೊಂದೇ ಗತಿ.

ಈಗ ಸ್ಪಂಜು, ರೆಕ್ಸಿನ್. ಮಾರ್ಚಿನಿಂದ ಮೇ ತನಕ ಚಳ್ಳಕೆರೆ ಸೀಮೆಯಲ್ಲಿ ರೆಕ್ಸಿನ್ ಮೇಲೆ ಮಧ್ಯಾಹ್ನ ಕೂತವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಬಳಿದ ಅದಕ್ಕೆ ಗಾಳಿಯಾಡುವ ಗುಣವಿಲ್ಲ. ಬೆನ್ನು ತೊಡೆ ಬೆವೆತು ಅಂಟುತ್ತವೆ. ಬೆತ್ತದ ಕಣ್ಣುಗಳ ಮೂಲಕ ಕೆಳಗಿನಿಂದ ಗಾಳಿ ಬರುತ್ತದೆ, ಈ ಬಿಸಿಲಿಗೆ ಅದಕ್ಕಿಂತ ಹೊಂದುವ ಆಸನ ಇನ್ನೊಂದಿಲ್ಲ. ಸ್ಪಂಜು ಕೆಲವು ವರ್ಷಗಳಲ್ಲಿ ಕುಸಿಯುತ್ತದೆ, ಇನ್ನೂ ಹಳತಾದರೆ ಹಳದಿ ಪುಡಿಯಾಗಿ ಉದುರುತ್ತದೆ, ರೆಕ್ಸಿನ್ ಬಿರಿಯುತ್ತದೆ. ಆಗ ಮತ್ತೆ ಕುಶನ್ ಅಂಗಡಿ. ಅದನ್ನೂ ಸಹಿಸಬಹುದು. ಸಹಿಸಲಾಗದ್ದು ಅದರ ಅಡಿಯ ಪ್ಲೈವುಡ್ಡಿಗಾಗಿ ಬೆತ್ತದ ತೂತುಗಳ ಸಾಲಿನಲ್ಲೇ ಬಡಿಯುವ ಮೊಳೆಗಳು. ತೂತುಗಳಿಂದಾಗಿ ಮೊದಲೇ ಸೂಕ್ಷ್ಮವಾಗಿರುವ ಆ ಅಂಚು ಉದ್ದಕ್ಕೂ ಸೀಳುತ್ತದೆ. ಮುಂದೆ ಯಾರಾದರೂ ಬೆತ್ತ ಹೆಣೆಸಬೇಕೆಂದರೂ ಚೌಕಟ್ಟು ಅದರ ಎಳೆತ ತಾಳದು. ಇಲ್ಲಿ ಹಾಳಾಗುವುದು ಕುರ್ಚಿಯ ಇಂದಿನ ರೂಪವಷ್ಟೇ ಅಲ್ಲ, ಮುಂದೆ ಯಾರೂ ಅದನ್ನು ಸರಿಮಾಡಲಾಗದಂತೆ ಆಗುತ್ತದೆ.

ಹಾಗಾಗಿ ನಾನು ಹಿಡಿಯುವ ಅಳತೆಗೋಲು ಇದು: ಇಂದು ಮಾಡಿದ್ದನ್ನು ನಾಳೆ ಬಿಚ್ಚಲು ಬರುತ್ತದೆಯೇ? ಬಂದರೆ ಮಾಡಿಸಿ. ಕಚೇರಿಗಳಲ್ಲಿ, ಶಾಲೆಗಳಲ್ಲಿ ಬೆತ್ತದ ಬದಲು ಪ್ಲಾಸ್ಟಿಕ್ ವೈರು ಹೆಣೆದ ಕುರ್ಚಿಗಳನ್ನು ನಾವೆಲ್ಲ ಕಂಡಿದ್ದೇವೆ. ಚೆಲುವಿನ ದೃಷ್ಟಿಯಿಂದ ಅದು ಬೆತ್ತದ ಹತ್ತಿರಕ್ಕೂ ಬರುವುದಿಲ್ಲ. ಆದರೂ ಈ ಅಳತೆಯಲ್ಲಿ ವೈರಿನ ಹೆಣಿಗೆ ರೆಕ್ಸಿನ್‌ಗಿಂತ ಎಷ್ಟೋ ಮೇಲು. ಅದು ಅದೇ ತೂತು ಬಳಸುತ್ತದೆ, ಗಾಳಿಯಾಡುತ್ತದೆ, ಬೇಡವೆಂದಾಗ ಕತ್ತರಿಸಿ ತೆಗೆಯಬಹುದು. ಬೆತ್ತ ಸಿಗದ, ಕೈಯಲ್ಲಿ ಹಣವಿಲ್ಲದ ಮನೆಯವರು ವೈರು ಹೆಣೆಸಿದರೆ ಅದನ್ನು ಕೀಳಾಗಿ ಕಾಣಬಾರದು.

ಬೆತ್ತಕ್ಕೂ ನಮ್ಮ ಸೀಮೆಯಲ್ಲಿ ಒಂದು ಕಷ್ಟವಿದೆ. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಪಶ್ಚಿಮಘಟ್ಟದ ತೇವದ ಕಾಡಿನಲ್ಲಿ ಬೆಳೆವ ಬೆತ್ತ ಇಲ್ಲಿನ ಒಣಗಾಳಿಗೆ ಗಡುಸಾಗಿ ಮುರಿಯುತ್ತದೆ. ಬೇಸಿಗೆಯಲ್ಲಿ ಆಗಾಗ ಕುರ್ಚಿಯನ್ನು ಮಗುಚಿ, ಆಸನದ ಅಡಿಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಲು ಬಿಟ್ಟರೆ ಅದು ಹೆಚ್ಚು ಕಾಲ ಬಾಳುತ್ತದೆ. ಹೆಣೆಯುವವರು ಸಿಗುವುದು ಕಷ್ಟ ಎಂಬ ಚಿಕ್ಕಪ್ಪನ ಮಾತು ಮಾತ್ರ ನಿಜ. ಕುರ್ಚಿ ಹೆಣೆಯುವುದು ದೃಷ್ಟಿಯಿಲ್ಲದವರಿಗೆ ತರಬೇತಿ ಶಾಲೆಗಳಲ್ಲಿ ಕಲಿಸುತ್ತಿದ್ದ ಕಸುಬು. ಸರ್ಕಾರಿ ಕಚೇರಿಗಳು, ರೈಲ್ವೆ ಅವರನ್ನು ಈ ಕೆಲಸಕ್ಕೆಂದೇ ನೇಮಿಸಿಕೊಳ್ಳುತ್ತಿದ್ದವು. ಬೆರಳಿನಿಂದ ತೂತು ಎಣಿಸಿ, ಎಳೆಯ ಬಿಗುವನ್ನು ಮುಟ್ಟಿ ಅಳೆದು ಮಾಡುವ ಕೆಲಸ ಅದು. ಕಚೇರಿಗಳು ಸ್ಪಂಜಿನ ಕುರ್ಚಿಗೆ ತಿರುಗಿದಂತೆ ಆ ಕೈಗಳಿಗೆ ಕೆಲಸ ತಪ್ಪಿತು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದು ಸಾರಿದ ಗುರು ತಿಪ್ಪೇರುದ್ರಸ್ವಾಮಿಯ ಊರಿನವರು ನಾವು. ಇಂಥ ಹೆಣಿಗೆಗೆ ಕೂಲಿ ಹೆಚ್ಚಾಯಿತೆಂದು ಚೌಕಾಸಿಗೆ ಇಳಿಯುವುದು ನಮಗೆ ಒಪ್ಪುವುದಿಲ್ಲ.

ಮೆತ್ತೆ ಬೇಕೇ ಬೇಕು ಎನ್ನುವವರಿಗೆ ಉತ್ತರ ನಮ್ಮ ತಾಲ್ಲೂಕಿನಲ್ಲೇ ಇದೆ. ಚಳ್ಳಕೆರೆಯ ಕಂಬಳಿ. ದಖನಿ ಕುರಿಯ ಒರಟು ಉಣ್ಣೆ, ಬಣ್ಣ ಹಾಕದ ಕಪ್ಪು, ಹುಣಸೆಬೀಜದ ಗಂಜಿ ಕುಡಿದ ಗಟ್ಟಿ ನೇಯ್ಗೆ. ಮಡಚಿದ ಕಂಬಳಿಯನ್ನೇ ಗದ್ದುಗೆಯಾಗಿ ಹಾಸಿ ದೇವರನ್ನೂ ಹಿರಿಯರನ್ನೂ ಕೂರಿಸುವುದು ಈ ಸೀಮೆಯ ಮ್ಯಾಸಬೇಡರಲ್ಲಿ, ಕಾಡುಗೊಲ್ಲರಲ್ಲಿ, ಕುರುಬರಲ್ಲಿ ನಡೆದು ಬಂದ ಪದ್ಧತಿ. ಕಂಬಳಿಗಿಂತ ಗೌರವದ ಆಸನ ನಮ್ಮಲ್ಲಿಲ್ಲ. ಒಳಗೆ ಹತ್ತಿ ಅಥವಾ ತೆಂಗಿನ ನಾರು ತುಂಬಿ, ಮೇಲೆ ಕಂಬಳಿ ಹೊಲಿಸಿ, ಬೆತ್ತದ ಮೇಲೆ ಬಿಡಿಯಾಗಿ ಇಟ್ಟು ದಾರದಿಂದ ಹಿಂದಿನ ಕಾಲಿಗೆ ಕಟ್ಟಿದರೆ ಮೆತ್ತೆಯೂ ಆಯಿತು, ಮೊಳೆಯೂ ಬೀಳಲಿಲ್ಲ. ಹಳೆಯ ರೇಷ್ಮೆ ಸೀರೆ ಕತ್ತರಿಸಿ ಕುಶನ್ ಹೊಲಿಸುವ ಹೊಸ ಹವ್ಯಾಸವೊಂದು ನಗರಗಳಿಂದ ಬರುತ್ತಿದೆ. ಮೊಳಕಾಲ್ಮೂರು ಸೀರೆಯನ್ನು ದಯವಿಟ್ಟು ಆ ಕೆಲಸಕ್ಕೆ ಬಳಸಬೇಡಿ. ಜರಿ ಆ ಉಜ್ಜಾಟ ತಾಳುವುದಿಲ್ಲ, ಅಜ್ಜಿಯ ಸೀರೆಯೂ ಹೋಗುತ್ತದೆ, ತಾತನ ಕುರ್ಚಿಗೂ ಒಳ್ಳೆಯದಾಗುವುದಿಲ್ಲ.

ಅಕ್ಕನಂತೆ ‘ಮುಟ್ಟಬೇಡಿ’ ಎನ್ನುವವರಿಗೆ ಎರಡು ಸಿಂಹಾಸನಗಳ ಕಥೆ ಹೇಳಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನವನ್ನು ಲೂಟಿಯ ಹಣವಾಗಿ ಹಂಚಿಕೊಳ್ಳಲು ತುಂಡು ತುಂಡು ಮಾಡಿದರು. ಅದರ ಹುಲಿಯ ತಲೆ, ಹುಮಾ ಪಕ್ಷಿ ಇಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ತುಂಡುಗಳು ಜೋಪಾನವಾಗಿವೆ, ಸಿಂಹಾಸನ ಇಲ್ಲ. ಮೈಸೂರು ಅರಮನೆಯ ಸಿಂಹಾಸನವನ್ನಾದರೋ ಪ್ರತಿ ವರ್ಷ ನವರಾತ್ರಿಗೆ ಮುಂಚೆ ಭದ್ರತಾ ಕೊಠಡಿಯಿಂದ ಬಿಡಿ ಭಾಗಗಳಾಗಿ ಹೊರತಂದು ಜೋಡಿಸುತ್ತಾರೆ, ಹಬ್ಬ ಮುಗಿದ ಮೇಲೆ ಮತ್ತೆ ಬಿಚ್ಚಿಡುತ್ತಾರೆ. ಆ ಜೋಡಣೆಗೆ ಗೆಜ್ಜಗಳ್ಳಿ ಎಂಬ ಹಳ್ಳಿಯ ಜನ ಬರುತ್ತಾರೆ. ಬಿಚ್ಚಿ ಜೋಡಿಸುವ ಕೈಗಳು ವರ್ಷವರ್ಷವೂ ಮುಟ್ಟುತ್ತಿರುವುದರಿಂದಲೇ ಅದರ ಒಂದೊಂದು ಸಂದೂ ಯಾರಿಗಾದರೂ ಗೊತ್ತಿದೆ. ಅಟ್ಟಕ್ಕೆ ಏರಿಸಿದ ಕುರ್ಚಿಗೆ ಗೆದ್ದಲು ಹತ್ತಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಕೂರಬೇಕು ಎನ್ನಲು ಇನ್ನೊಂದು ಕಾರಣವಿದೆ, ನನಗೆ ಅದು ಎಲ್ಲಕ್ಕಿಂತ ದೊಡ್ಡದು. ಕುರ್ಚಿ ಒಂದೇ ಇದ್ದ ಕಾಲದಲ್ಲಿ ಅದರ ಮೇಲೆ ಯಾರು ಕೂರಬಹುದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಗೌಡರು, ಶಾನುಭೋಗರು ಕೂತರು, ಹೆಂಗಸರು ಬಾಗಿಲ ಹಿಂದೆ ನಿಂತರು, ಹೊಲದಲ್ಲಿ ದುಡಿದವರು ಅಂಗಳದಲ್ಲಿ ನಿಂತರು, ಕೆಲವರಿಗೆ ಜಗಲಿಯೂ ಸಿಗಲಿಲ್ಲ. ಕುರ್ಚಿಯನ್ನು ಪಿತ್ರಾರ್ಜಿತವಾಗಿ ಪಡೆದವರು ಈ ಚರಿತ್ರೆಯನ್ನೂ ಪಡೆದಿದ್ದೇವೆ. ಅದನ್ನು ಫೋಟೋದ ಕೆಳಗಿಟ್ಟು ಯಾರೂ ಕೂರದಂತೆ ಕಾಯುವುದು ಆ ಹಳೆಯ ತಡೆಯನ್ನು ಭಕ್ತಿಯ ಹೆಸರಿನಲ್ಲಿ ಮುಂದುವರಿಸಿದಂತೆ. ರಿಪೇರಿ ಮಾಡಿಸಿ ಪಡಸಾಲೆಯಲ್ಲಿಟ್ಟು, ಮನೆಗೆ ಬಂದವರು ಯಾರೇ ಆಗಲಿ ‘ಬನ್ನಿ, ಕೂತ್ಕೊಳ್ಳಿ’ ಎಂದರೆ ಆ ಮರಕ್ಕೆ ನಿಜವಾದ ಮರುಜೀವ.

ಹೊದಿಕೆ ಬದಲಿಸುವುದು ಎಲ್ಲಿ ಸರಿ? ಮೊದಲಿನಿಂದಲೂ ಮೆತ್ತೆಯಿದ್ದ ಕುರ್ಚಿಗೆ ಖಂಡಿತ ಸರಿ. ಅಲ್ಲಿ ಬಟ್ಟೆಯೇ ಬೆತ್ತದ ಸ್ಥಾನದಲ್ಲಿದೆ. ಹಿಂದೆ ಯಾರೋ ಬಡಿದ ಮೊಳೆಗಳಿಂದ ತೂತುಗಳ ಸಾಲು ಆಗಲೇ ಸೀಳಿಹೋಗಿದ್ದರೂ ಸರಿ. ಚೌಕಟ್ಟಿಗೆ ಗೆದ್ದಲು ಹಿಡಿದು ಒಳಗೆ ಪೊಳ್ಳಾಗಿದ್ದರೆ ಯಾವ ರಿಪೇರಿಗೂ ಅರ್ಥವಿಲ್ಲ, ಗಟ್ಟಿಯಿರುವ ಕೈಗಳನ್ನೋ ಬೆನ್ನನ್ನೋ ಉಳಿಸಿಕೊಂಡು ಬಿಡಬೇಕು. ನಮ್ಮ ಮನೆಯ ಕುರ್ಚಿಯ ಮಟ್ಟಿಗೆ ತೀರ್ಮಾನ ಇದು: ಹೊಸ ಬೆತ್ತ, ಸಂದಿಗೆ ಮಾತ್ರ ಅಂಟು, ಕೈಗಳಿಗೆ ಸ್ಯಾಂಡ್ ಪೇಪರ್ ಮುಟ್ಟಿಸುವಂತಿಲ್ಲ, ಮೇಲೆ ಕಂಬಳಿಯ ಬಿಡಿ ಮೆತ್ತೆ. ಚಿಕ್ಕಪ್ಪನೂ ಅಕ್ಕನೂ ಒಪ್ಪಿದ್ದಾರೆ.

ನಿಮ್ಮ ಮನೆಯಲ್ಲೂ ಅಂಥ ಕುರ್ಚಿಯಿದ್ದರೆ ಕುಶನ್ ಅಂಗಡಿಗೆ ಕಳಿಸುವ ಮೊದಲು ಅದನ್ನು ತಲೆಕೆಳಗೆ ಮಾಡಿ ನೋಡಿ. ಚೌಕಟ್ಟಿನ ಸುತ್ತ ತೂತುಗಳ ಸಾಲು ಇನ್ನೂ ಗಟ್ಟಿಯಾಗಿದ್ದರೆ ದಯವಿಟ್ಟು ಅಲ್ಲಿ ಒಂದು ಮೊಳೆಯನ್ನೂ ಹೊಡೆಸಬೇಡಿ.