ಡೀಸೆಲ್ ಹೋದಲ್ಲಿಗೆ ಮಾತ್ರ ಬಾಟಲಿ ಹೋಗುತ್ತದೆ

ಪಿಕಪ್ ಸತ್ತುಹೋಗಿದೆ, ಸಿಗ್ನಲ್ಲಿನಲ್ಲಿ ನಿಂತರೆ ಗಾಡಿ ನಡುಗುತ್ತದೆ, ಬೆಳಿಗ್ಗೆ ಎರಡು ಮೂರು ಸಲ ಸೆಲ್ಫ್ ಹೊಡೆಯದೆ ಎಂಜಿನ್ ಏಳುವುದಿಲ್ಲ. ಡೀಸೆಲ್ ಗಾಡಿಯವರು ಹೀಗೆ ದೂರಿಕೊಂಡರೆ ಎರಡು ಸಲಹೆಗಳು ಸಿದ್ಧವಾಗಿರುತ್ತವೆ. ಒಂದು, ‘ಇಂಜೆಕ್ಟರ್ ಕ್ಲೀನರ್ ಒಂದು ಬಾಟಲಿ ಹಾಕಿ ನೋಡಿ’. ಇನ್ನೊಂದು, ‘ನಾಲ್ಕೂ ಇಂಜೆಕ್ಟರ್ ಹೋಗಿವೆ, ಬದಲಿಸಿಬಿಡಿ’. ಮೊದಲನೆಯದಕ್ಕೆ ನೂರಾರು ರೂಪಾಯಿ, ಎರಡನೆಯದಕ್ಕೆ ಹತ್ತಾರು ಸಾವಿರ. ಬಾಟಲಿ ಬರೀ ಮೋಸ ಎನ್ನುವವರ ಮಾತೂ ತಪ್ಪು, ಅದೇ ಸರ್ವರೋಗಕ್ಕೂ ಮದ್ದು ಎನ್ನುವವರ ಮಾತೂ ತಪ್ಪು. ಅದರ ಕೆಲಸ ಏನು, ಎಲ್ಲಿಗೆ ನಿಲ್ಲುತ್ತದೆ ಎಂಬುದು ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಎಂಜಿನ್ನೂ ಉಳಿಯುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸುವ ಭಾಗ ಇಂಜೆಕ್ಟರೇ. ಪೆಟ್ರೋಲ್ ಎಂಜಿನ್ನಿನಂತೆ ಇಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಡಕ್ಕೆ ಕಾದ ಗಾಳಿಯೊಳಕ್ಕೆ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಬೇಕು, ಅದು ತಾನಾಗಿ ಹೊತ್ತಿಕೊಳ್ಳಬೇಕು. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಒತ್ತಡದ ಡೀಸೆಲ್ ಹಂಚುವ, 1997ರಲ್ಲಿ ಆಲ್ಫಾ ರೋಮಿಯೋ 156ರೊಂದಿಗೆ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆ ಈ ಚಿಮ್ಮುವಿಕೆಯನ್ನು ಎಲೆಕ್ಟ್ರಾನಿಕ್ಸ್ ಕೈಗೆ ಕೊಟ್ಟಿತು. ನಮ್ಮಲ್ಲಿ ಮನೆಮಾತಾದ ಸಿಆರ್‌ಡಿಐ ಇದೇ. ಬಿಡದಿಯಲ್ಲಿ ತಯಾರಾದ ಡೀಸೆಲ್ ಇನ್ನೋವಾದಲ್ಲೂ, ಸ್ವಿಫ್ಟ್ ಡೀಸೆಲ್ಲಿನ 1248 ಸಿಸಿಯ ಫಿಯಟ್ ಮೂಲದ ಎಂಜಿನ್ನಿನಲ್ಲೂ ಇರುವುದು ಇದೇ ವ್ಯವಸ್ಥೆ. ಕಾರಿನ ಟೈರಿನೊಳಗಿನ ಒತ್ತಡ ಎರಡೂ ಚಿಲ್ಲರೆ ಬಾರ್. ಈಗಿನ ಕಾಮನ್ ರೈಲಿನೊಳಗೆ ಅದು 2,000 ಬಾರ್ ಮುಟ್ಟುತ್ತದೆ. ಡೀಸೆಲ್ ಹೊರಬರುವ ನಾಜಲ್ ತೂತಿನ ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಒಳಗಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಇಷ್ಟು ಸೂಕ್ಷ್ಮವಾದ ಜಾಗದಲ್ಲಿ ಚೂರು ಮಸಿ ಕೂತರೂ ಎಂಜಿನ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಕೂರುವ ಕೊಳೆಯಲ್ಲಿ ಎರಡು ಜಾತಿ. ಒಂದು ನಾಜಲ್ ತುದಿಯ ಕರಕಲು. ಸಿಲಿಂಡರಿನ ಶಾಖಕ್ಕೆ ತೂತುಗಳ ಬಾಯಲ್ಲಿ ಉಳಿದ ಡೀಸೆಲ್ ಸುಟ್ಟು ಇಂಗಾಲದ ಹಕ್ಕಳೆಯಾಗುತ್ತದೆ. ಡೀಸೆಲ್ಲಿನಲ್ಲಿ ಸತುವಿನ ಅಂಶ ಸೇರಿದರೆ ಇದು ಬೇಗ ಬೆಳೆಯುತ್ತದೆ. ಹಾಗಾಗಿ ಟ್ರ್ಯಾಕ್ಟರಿಗೆಂದು ಡೀಸೆಲ್ ತಂದಿಡುವ ರೈತರು ಸತು ಲೇಪಿಸಿದ ಡ್ರಮ್ಮು, ಜಿಐ ಪೈಪು ಬಳಸಲೇಬಾರದು. ಇನ್ನೊಂದು ಇಂಜೆಕ್ಟರಿನ ಒಳಗೆ, ಸೂಜಿ ಮತ್ತು ವಾಲ್ವಿನ ಮೇಲೆ ಕೂರುವ ಮೇಣದಂಥ, ಸಾಬೂನಿನಂಥ ತೆಳು ಪದರ. ಇದರಿಂದ ಸೂಜಿ ಅಂಟಿಕೊಂಡು ನಿಧಾನವಾಗುತ್ತದೆ, ಎಂಜಿನ್ ತಡವರಿಸುತ್ತದೆ.

ಒಳ್ಳೆಯ ಬಾಟಲಿಯೊಳಗೆ ಇರುವ ಮುಖ್ಯ ಸರಕು ಡಿಟರ್ಜೆಂಟ್. ಡೀಸೆಲ್ಲಿಗೆ ಹೆಚ್ಚಾಗಿ ಬಳಸುವುದು ಪಿಐಬಿ ಸಕ್ಸಿನಿಮೈಡ್ ಎಂಬ ಬಗೆ. ಅದರ ಅಣುವಿನ ಒಂದು ತುದಿ ಕೊಳೆಯನ್ನೋ ಲೋಹವನ್ನೋ ಹಿಡಿಯುತ್ತದೆ, ಇನ್ನೊಂದು ತುದಿ ಡೀಸೆಲ್ಲಿನಲ್ಲಿ ಕರಗಿ ನಿಲ್ಲುತ್ತದೆ. ಸಡಿಲವಾದ ಕೊಳೆ ಡೀಸೆಲ್ಲಿನೊಂದಿಗೇ ಹೋಗಿ ಉರಿಯುತ್ತದೆ. ಇದು ಬರೀ ಜಾಹೀರಾತಿನ ಮಾತಲ್ಲ. ಯುರೋಪಿನ ಸಿಇಸಿ ಸಂಸ್ಥೆಯ ಎಫ್-98 ಪರೀಕ್ಷೆಯಲ್ಲಿ ಪೆಜೋ ಕಂಪನಿಯ ಎಂಜಿನ್ನಿಗೆ ಬೇಕೆಂದೇ ಹತ್ತು ಲಕ್ಷಕ್ಕೆ ಒಂದು ಭಾಗದಷ್ಟು ಸತು ಬೆರೆಸಿದ ಡೀಸೆಲ್ ಕುಡಿಸಿ, 32 ಗಂಟೆ ಓಡಿಸಿ, ಶಕ್ತಿ ಎಷ್ಟು ಕುಸಿಯಿತೆಂದು ಅಳೆಯುತ್ತಾರೆ. ಕೊಳೆ ಕೂರಿಸಿದ ಅದೇ ಎಂಜಿನ್ನಿಗೆ ಒಳ್ಳೆಯ ಡಿಟರ್ಜೆಂಟ್ ಬೆರೆಸಿದ ಡೀಸೆಲ್ ಕೊಟ್ಟರೆ ಕಳೆದ ಶಕ್ತಿ ಮರಳಿ ಬರುತ್ತದೆ. ಕೊಳೆಯಿಂದ ಕುಸಿದದ್ದನ್ನು ಡಿಟರ್ಜೆಂಟ್ ಎತ್ತಬಲ್ಲದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಬಂಕುಗಳಲ್ಲಿ ಸಿಗುವ ಟರ್ಬೋಜೆಟ್‌ನಂಥ ಡೀಸೆಲ್ಲುಗಳು ಕೂಡ ಅಡಿಟಿವ್ ಬೆರೆಸಿ ಮಾರುವಂಥವೇ.

ಆದರೆ ಕೊಳೆ ಬೇರೆ, ಸವೆತ ಬೇರೆ. ಮಸಿ ಹಿಡಿದ ಪಾತ್ರೆಯನ್ನು ತಿಕ್ಕಿ ಬೆಳಗಬಹುದು. ತಳ ಸವೆದು ಸೋರುವ ಪಾತ್ರೆಯನ್ನು ಎಷ್ಟು ತಿಕ್ಕಿದರೂ ಸೋರುವುದು ನಿಲ್ಲದು. ವಾಲ್ವಿನ ಸೀಟು ಸವೆದ, ನೀರು ಹೊಕ್ಕು ಸೂಜಿಗೆ ತುಕ್ಕು ಹಿಡಿದ ಇಂಜೆಕ್ಟರಿಗೆ ಬಾಟಲಿಯಿಂದ ಏನೂ ಆಗದು. ಇಂಜೆಕ್ಟರಿನ ಬುಡದ ತಾಮ್ರದ ವಾಷರ್ ಸೋತು ‘ಚುಸ್ ಚುಸ್’ ಎಂದು ಗ್ಯಾಸ್ ಹೊರಬರುತ್ತಿದ್ದರೂ ಅಷ್ಟೇ. ಕಪ್ಪು ಹೊಗೆಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಏರ್ ಫಿಲ್ಟರ್ ಕಟ್ಟಿದರೂ, ಟರ್ಬೋ ಹೋಸ್ ಹರಿದರೂ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಮಸಿ ತುಂಬಿ ತೆರೆದೇ ಉಳಿದರೂ ಕಪ್ಪು ಹೊಗೆ ಬರುತ್ತದೆ. ಇವೆಲ್ಲ ಗಾಳಿ ಓಡಾಡುವ ದಾರಿಗಳು. ಡೀಸೆಲ್ ಹೋಗದ ಕಡೆಗೆ ಡೀಸೆಲ್ಲಿನಲ್ಲಿ ಬೆರೆಸಿದ್ದೂ ಹೋಗುವುದಿಲ್ಲ.

ಕೊಳೆಯೋ ಸವೆತವೋ ತಿಳಿಯಲು ಸರಳ ಉಪಾಯವೊಂದಿದೆ: ರಿಟರ್ನ್ ಟೆಸ್ಟ್. ಪ್ರತಿ ಇಂಜೆಕ್ಟರಿನ ತಲೆಯಿಂದ ಹೆಚ್ಚುವರಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗುವ ಸಣ್ಣ ಪೈಪೊಂದು ಇರುತ್ತದೆ. ಮೆಕ್ಯಾನಿಕ್ ನಾಲ್ಕನ್ನೂ ಬಿಡಿಸಿ, ಗೆರೆ ಹಾಕಿದ ನಾಲ್ಕು ಪಾರದರ್ಶಕ ಬಾಟಲಿಗಳಿಗೆ ಜೋಡಿಸಿ ಎಂಜಿನ್ ಚಾಲೂ ಮಾಡುತ್ತಾರೆ. ಕೆಲವು ನಿಮಿಷದಲ್ಲಿ ಮೂರು ಬಾಟಲಿಗಳ ಮಟ್ಟ ಒಂದೇ ಸಮ ಇದ್ದು, ನಾಲ್ಕನೆಯದು ಮಾತ್ರ ಅವಕ್ಕಿಂತ ತುಂಬ ಮೇಲಕ್ಕೆ ಏರಿದ್ದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ ಎಂದರ್ಥ. ಅದನ್ನು ಬಿಚ್ಚಿ ಡೀಸೆಲ್ ಪಂಪ್ ಅಂಗಡಿಗೆ ಕೊಡಬೇಕು. ಅಲ್ಲಿ ಅದನ್ನು ಟೆಸ್ಟ್ ಬೆಂಚಿಗೆ ಏರಿಸಿ ನೋಡುತ್ತಾರೆ. ಹಳೆಯ ಜೀಪು, ಟ್ರ್ಯಾಕ್ಟರುಗಳ ನಾಜಲ್ ಆದರೆ ಕೈಪಂಪಿನಲ್ಲೇ ತೀರ್ಮಾನ: ಹಿಡಿಕೆ ಒತ್ತಿದಾಗ ಕಿರ್ ಕಿರ್ ಎನ್ನುತ್ತ ಸಮನಾದ ಮಂಜು ಬಿದ್ದರೆ ನಾಜಲ್ ಚೆನ್ನಾಗಿದೆ, ಒಂದೇ ಪಕ್ಕಕ್ಕೆ ಗೆರೆಯಂತೆ ಚಿಮ್ಮಿದರೆ, ತುದಿಯಲ್ಲಿ ಹನಿ ತೂಗಿದರೆ ಕೆಟ್ಟಿದೆ. 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಆದ ಬೆಂಗಳೂರಿನ ಮೈಕೋದ ಪಂಪು, ನಾಜಲುಗಳನ್ನು ಬಿಚ್ಚಿ ಕಟ್ಟುತ್ತಲೇ ಕಣ್ಣು, ಕಿವಿ ಪಳಗಿಸಿಕೊಂಡ ಹಿರಿಯ ಮೇಸ್ತ್ರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಅಭಿಪ್ರಾಯಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ.

ಇಲ್ಲೊಂದು ಎಚ್ಚರಿಕೆ. ಹಳೆಯ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ನಾಜಲ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹುಡುಕುವ ರೂಢಿಯಿತ್ತು. ಸಿಆರ್‌ಡಿಐನಲ್ಲಿ ಯಾರೂ ಆ ಸಾಹಸಕ್ಕೆ ಕೈ ಹಾಕಬಾರದು. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೊಕ್ಕರೆ ಬೆರಳೇ ಹೋಗಬಹುದು.

ಮನೆಮದ್ದುಗಳ ಮಾತಿಗೆ ಬರೋಣ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಬೆರೆಸಿದರೆ ನಾಜಲ್ ಸ್ವಚ್ಛವಾಗುತ್ತದೆ ಎಂಬ ನಂಬಿಕೆ ಹಳ್ಳಿಯಿಂದ ನಗರದವರೆಗೂ ಇದೆ. ಇವು ತೆಳು ದ್ರವಗಳು, ಜಿಡ್ಡು ಕಡಿಮೆ. ಹೆಚ್ಚಿನ ಸಿಆರ್‌ಡಿಐ ಪಂಪುಗಳಿಗೆ ಡೀಸೆಲ್ಲೇ ಜಾರೆಣ್ಣೆ, ಬೇರೆ ಆಯಿಲ್ ಇಲ್ಲ. ಆ ಜಿಡ್ಡು ಕಳೆದರೆ ಪಂಪು ಒಣಗಿ ಉಜ್ಜಿ ಲೋಹದ ಪುಡಿ ಉದುರುತ್ತದೆ, ಆ ಪುಡಿ ನೇರ ಇಂಜೆಕ್ಟರಿಗೆ ಹೋಗುತ್ತದೆ. ಟೂ-ಸ್ಟ್ರೋಕ್ ಆಯಿಲ್ ಹಾಕುವವರೂ ಇದ್ದಾರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದು ಮಸಿಯನ್ನು ಸುಡಬಲ್ಲದು, ಬೂದಿಯನ್ನು ಸುಡಲಾರದು. ಆಯಿಲ್ಲಿನ ಬೂದಿ ಅಲ್ಲೇ ಶೇಖರವಾಗುತ್ತದೆ. ಕೊಳ್ಳುವ ಕ್ಲೀನರ್ ಬಾಟಲಿಯ ಮೇಲೂ ಡಿಪಿಎಫ್‌ಗೆ ಹೊಂದುತ್ತದೆ ಎಂದು ಬರೆದಿದೆಯೇ ನೋಡಿಕೊಳ್ಳಿ.

ಹಾಕುವ ಕ್ರಮವೂ ಮುಖ್ಯ. ಟ್ಯಾಂಕ್ ಖಾಲಿಯಾಗುತ್ತ ಬಂದಾಗ ಮೊದಲು ಬಾಟಲಿ ಸುರಿದು ಆಮೇಲೆ ಡೀಸೆಲ್ ತುಂಬಿಸಿದರೆ ಚೆನ್ನಾಗಿ ಬೆರೆಯುತ್ತದೆ. ಎಷ್ಟು ಲೀಟರಿಗೆ ಎಷ್ಟು ಎಂಬುದನ್ನು ಬಾಟಲಿಯೇ ಹೇಳುತ್ತದೆ. ಒಂದಕ್ಕೆ ಎರಡು ಹಾಕಿದರೆ ಎರಡು ಪಟ್ಟು ಸ್ವಚ್ಛವಾಗುವುದಿಲ್ಲ. ಆ ಟ್ಯಾಂಕನ್ನು ಊರೊಳಗಿನ ಸಣ್ಣ ಓಡಾಟಕ್ಕೆ ಸವೆಸದೆ, ಹೆದ್ದಾರಿಯಲ್ಲಿ ಎಂಜಿನ್ ಕಾಯುವಂತೆ ದೂರ ಓಡಿಸಿ. ಹಳೆಯ ಗಾಡಿಯಾದರೆ ಅದಾದ ಮೇಲೆ ಡೀಸೆಲ್ ಫಿಲ್ಟರ್ ಬದಲಿಸಿ, ಟ್ಯಾಂಕಿನಿಂದ ಎದ್ದ ಕಸವೆಲ್ಲ ಅಲ್ಲಿ ಬಂದು ಕೂತಿರುತ್ತದೆ. ಬಾಟಲಿಯ ದ್ರವವನ್ನು ಡೀಸೆಲ್ ಬೆರೆಸದೆ ನೇರ ಎಂಜಿನ್ನಿಗೆ ಕುಡಿಸುವ ಡೀಸೆಲ್ ಪರ್ಜ್ ವಿಧಾನ ಇನ್ನೂ ಬಲವಾದದ್ದು. ಅದಕ್ಕೆಂದೇ ತಯಾರಿಸಿದ ದ್ರವ ಬೇಕು, ಪಳಗಿದ ಮೆಕ್ಯಾನಿಕ್ ಬೇಕು.

ನನ್ನ ತೀರ್ಮಾನ ಇಷ್ಟು. ಚೆನ್ನಾಗಿ ಓಡುತ್ತಿರುವ ಗಾಡಿಗೆ ಫಿಲ್ಟರ್ ಬದಲಿಸುವ ಪ್ರತಿ ಸರ್ವಿಸಿನಲ್ಲಿ ಒಂದು ಒಳ್ಳೆಯ ಬಾಟಲಿ ಹಾಕುವುದು ಸಾರ್ಥಕ ಖರ್ಚು. ಈಗಾಗಲೇ ನಡುಗುತ್ತಿರುವ ಗಾಡಿಗೆ ಒಂದೆರಡು ಟ್ಯಾಂಕ್ ಹಾಕಿ ನೋಡಿ. ವ್ಯತ್ಯಾಸ ಕಾಣದಿದ್ದರೆ ಮೂರನೆಯ ಬಾಟಲಿ ಕೊಳ್ಳಬೇಡಿ, ರಿಟರ್ನ್ ಟೆಸ್ಟ್ ಮಾಡಿಸಿ. ಎಲ್ಲಕ್ಕಿಂತ ಮೊದಲು ಮಳೆಗಾಲದಲ್ಲಿ ಫಿಲ್ಟರಿನ ತಳದ ತಿರುಪು ಬಿಚ್ಚಿ ನೀರು ಇಳಿಸಿ, ವ್ಯಾಪಾರ ಜೋರಾಗಿರುವ ಬಂಕಿನಲ್ಲೇ ಡೀಸೆಲ್ ಹಾಕಿಸಿ. ನಾಲ್ಕೂ ಇಂಜೆಕ್ಟರ್ ಹೋಗಿವೆ ಎಂದು ಯಾರಾದರೂ ಹೇಳಿದರೆ, ನಾಲ್ಕು ಬಾಟಲಿಗಳ ಮಟ್ಟವನ್ನು ನನ್ನ ಕಣ್ಣೆದುರೇ ತೋರಿಸಿ ಎಂದು ಕೇಳಿ. ದುಡ್ಡು ಕೊಡುವವರಿಗೆ ಹಾಗೆ ಕೇಳುವ ಹಕ್ಕಿದೆ, ನೆಟ್ಟಗೆ ಕೆಲಸ ಮಾಡುವ ಮೆಕ್ಯಾನಿಕ್ ಅದಕ್ಕೆ ಬೇಸರಪಡುವುದೂ ಇಲ್ಲ.