ಸೋಲುವವನಿಗೂ ಪೂರ್ತಿ ಮಾತು: ಘಟ್ಟದ ಮೇಲಿನ ತಾಳಮದ್ದಳೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಸೀಮೆಯಲ್ಲಿ ಧರ್ಮ ಯಾವುದು, ಸತ್ಯ ಯಾವುದು ಎಂಬ ವಿಚಾರ ಪಂಡಿತರ ಪಾಲಿಗಷ್ಟೇ ಉಳಿದಿಲ್ಲ. ಮಳೆ ಹಿಡಿದು ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮನೆಯ ಜಗಲಿಯಲ್ಲೋ, ದೇವಸ್ಥಾನದಲ್ಲೋ, ಸೊಸೈಟಿಯ ಸಭಾಂಗಣದಲ್ಲೋ ತಾಳಮದ್ದಳೆ ಕೂಡುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಂಚೆ ಉಟ್ಟು ಶಾಲು ಹೊದ್ದು ಎದುರುಬದುರು ಕೂತವರು ಆಗಿಂದಾಗಲೇ ಹುಟ್ಟುವ ಮಾತಿನಲ್ಲಿ ಅದಕ್ಕೆ ಅರ್ಥ ಹೇಳುತ್ತಾರೆ. 1556ರ ಕುರುಗೋಡು ಶಾಸನದಲ್ಲೇ ತಾಳಮದ್ದಳೆಯವರಿಗೆ ಬಿಟ್ಟ ದತ್ತಿಯ ಪ್ರಸ್ತಾಪವಿದೆ. ಇಷ್ಟು ಹಳೆಯ ಕಲೆಯನ್ನು ಮನರಂಜನೆಯ ಲೆಕ್ಕದಲ್ಲಿ ಅಳೆದವರು ಬಹಳ. ನೀತಿವಿಚಾರದ ಒಂದು ಪರಂಪರೆಯಾಗಿ ಅದನ್ನು ಅಳೆದವರು ಕಡಿಮೆ.

ಈ ಪರಂಪರೆಯ ದೊಡ್ಡ ಬಲವೆಂದರೆ ಕಥೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತಿರುವುದು. ವಾಲಿ ಸಾಯುತ್ತಾನೆ, ಸಂಧಾನ ಮುರಿಯುತ್ತದೆ, ಕರ್ಣ ಕೌರವನನ್ನು ಬಿಟ್ಟುಬರುವುದಿಲ್ಲ. ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಪದ್ಯವನ್ನು ಮೀರುವಂತಿಲ್ಲ. ಹಾಗಾಗಿ ವಾದಕ್ಕೆ ಗೆಲ್ಲುವ ಹಂಗು ಇಲ್ಲ. ಕೋರ್ಟಿನಲ್ಲಿ, ಚುನಾವಣೆಯಲ್ಲಿ ಸಿಗದ ಬಿಡುವು ಇಲ್ಲಿ ಸಿಗುತ್ತದೆ: ಸೋಲಲೇಬೇಕಾದವನೂ ತನ್ನ ಮಾತನ್ನು ಪೂರ್ತಿ ಆಡಿ ಮುಗಿಸಬಹುದು.

ವಾಲಿಯ ಪ್ರಸಂಗವನ್ನೇ ನೋಡಿ. ಸುಗ್ರೀವನೊಡನೆ ಕಾದಾಡುತ್ತಿದ್ದವನ ಎದೆಗೆ ಮರೆಯಿಂದ ಬಾಣ ಬಿದ್ದಿದೆ. ನಾನು ನಿನಗೇನು ಮಾಡಿದ್ದೆ ಎಂಬುದು ಅವನ ಪ್ರಶ್ನೆ. ವಾಲ್ಮೀಕಿಯಿಂದಲೂ ರಾಮನ ಕೈಯಲ್ಲಿರುವ ಉತ್ತರಗಳು ಮುಖ್ಯವಾಗಿ ಮೂರು. ಈ ನೆಲ ಇಕ್ಷ್ವಾಕುಗಳದು, ತಪ್ಪಿಗೆ ದಂಡಿಸುವ ಅಧಿಕಾರ ನಮಗಿದೆ. ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ. ಮೇಲಾಗಿ ನೀನು ಶಾಖಾಮೃಗ. ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವುದು ರಾಜರಿಗೆ ದೋಷವಲ್ಲ. ಬಲ್ಲ ವಾಲಿ ಒಂದನ್ನೂ ಸುಮ್ಮನೆ ಬಿಡುವುದಿಲ್ಲ. ಎರಡನೆಯ ಮತ್ತು ಮೂರನೆಯ ಉತ್ತರ ಒಂದಕ್ಕೊಂದು ಕೂಡಿಬರುವುದಿಲ್ಲ ಎಂದು ಹಿಡಿಯುತ್ತಾನೆ. ನಾನು ಮೃಗವಾದರೆ ಪರಸ್ತ್ರೀ ಎಂಬ ಕಟ್ಟಳೆ ನನಗೆಲ್ಲಿಯದು? ಆ ಕಟ್ಟಳೆ ನನಗೂ ಉಂಟು ಎಂದಾದರೆ ವಿಚಾರಣೆಯಿಲ್ಲದೆ, ಎದುರಿಗೆ ಬಾರದೆ ಹೊಡೆದದ್ದು ಯಾವ ರಾಜಧರ್ಮ? ಅಲ್ಲಿ ರಾಮನ ಅರ್ಥಧಾರಿಯ ಯೋಗ್ಯತೆ ತಿಳಿಯುತ್ತದೆ. ಗಟ್ಟಿಗನಾದವನು ನಾಲ್ಕನೆಯ ಉತ್ತರ ಹುಡುಕುವುದಿಲ್ಲ. ಸುಗ್ರೀವನಿಗೆ ಕೊಟ್ಟ ಭಾಷೆ, ಕಳೆದುಹೋದ ಸೀತೆ, ಇವನ್ನು ಮುಂದಿಟ್ಟು ತನ್ನ ಬಾಣದ ಹಿಂದೆ ತನ್ನ ಗರಜೂ ಇತ್ತು ಎಂದು ಒಪ್ಪುತ್ತಾನೆ. ಧರ್ಮಿಷ್ಠನ ನಡೆಯಲ್ಲೂ ಸ್ವಾರ್ಥದ ಎಳೆ ಇರುತ್ತದೆ ಎಂಬುದನ್ನು ಇಷ್ಟು ಬಿಚ್ಚಿ, ಇಷ್ಟು ಭಕ್ತಿ ಉಳಿಸಿಕೊಂಡು ಹೇಳುವ ಜಾಗ ನಮ್ಮಲ್ಲಿ ಬೇರೆಲ್ಲಿದೆ? ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಿಗೇ ಹೆಸರಾದದ್ದು ಸುಮ್ಮನೆ ಅಲ್ಲ.

ಕರ್ಣಭೇದನದ ಸಂಕಟ ಇನ್ನೊಂದು ಬಗೆಯದು. ನೀನು ಕುಂತಿಯ ಮಗ ಎಂದು ಕರ್ಣನಿಗೆ ತಿಳಿಸುವ ಕೃಷ್ಣ ಆಡುವ ಒಂದೊಂದು ಮಾತೂ ನಿಜ. ಆಡುವುದು ಮಾತ್ರ ಕರ್ಣನ ಕೈ ಸಡಿಲಾಗಲಿ ಎಂದು. ಕೊಲ್ಲಲು ಬಳಸಿದ ನಿಜಕ್ಕೆ ಸತ್ಯದ ಮರ್ಯಾದೆ ಕೊಡಬೇಕೆ? ಹರಿಶ್ಚಂದ್ರನ ಕಥೆಯಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ.

ಇಂಥ ವಾದಕ್ಕೆ ಈ ಸೀಮೆಯ ಕಿವಿ ಹದವಾಗಿದೆ. ಶಿರಸಿ ತಾಲೂಕಿನ ಸೋಂದೆಯ ಆಸುಪಾಸಿನಲ್ಲೇ ವಾದಿರಾಜರ ದ್ವೈತ ಮಠ, ಸ್ವರ್ಣವಲ್ಲಿಯ ಅದ್ವೈತ ಮಠ, ಜೈನ ಮಠ ಮೂರೂ ಇವೆ. ಮೇಲುಕೋಟೆಯಲ್ಲಿ ಶಾಸ್ತ್ರ ಪಾಠ ಹೇಳಿದ ಕೆರೇಕೈ ಉಮಾಕಾಂತ ಭಟ್ಟರು ಇದೇ ನೆಲದವರು. ತರ್ಕವನ್ನು ಮನೆಮಾತಿಗೆ ಇಳಿಸುವ ಅವರ ಅರ್ಥಗಾರಿಕೆ ನನಗೆ ಈ ಪರಂಪರೆಯ ಒಳ್ಳೆಯ ಮಾದರಿ.

ಆದರೆ ಕೊರತೆಗಳು ಸಣ್ಣವಲ್ಲ. ಗೆಲ್ಲುವ ಹಂಗಿಲ್ಲದ ಕಲೆಗೆ ಈಗ ಗೆಲ್ಲುವ ಚಟ ಹತ್ತಿದೆ. ಪೀಠಿಕೆಯೇ ಅರ್ಧ ತಾಸು ನಡೆಯುತ್ತದೆ. ಎದುರಿನವನು ಕೇಳಿದ್ದಕ್ಕೆ ಉತ್ತರ ಕೊಡುವ ಬದಲು ಬಾಯಿಗೆ ಬಂದ ಶ್ಲೋಕ ಸುರಿಯುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಆ ಚಪ್ಪಾಳೆಯ ತುಣುಕೇ ಮೊಬೈಲಿನಲ್ಲಿ ಊರೂರು ತಿರುಗುತ್ತದೆ, ಅದಕ್ಕೆ ಹಿಂದುಮುಂದಿನ ಮಾತು ಇರುವುದಿಲ್ಲ. ಅರ್ಥಧಾರಿಯ ವಿವೇಕ ಇರುವುದು ಕೇಳಿಸಿಕೊಳ್ಳುವುದರಲ್ಲಿ. ಎದುರಿನ ಮಾತಿನಿಂದ ತನ್ನ ಪಾತ್ರ ಕೊಂಚವೂ ಅಲುಗದಿದ್ದರೆ ಅವನು ಭಾಷಣ ಮಾಡಿದ್ದಾನೆ, ಅರ್ಥ ಹೇಳಿಲ್ಲ.

ಕೂರುವವರ ವಲಯವೂ ಕಿರಿದು. ಬಹುಕಾಲ ಹವ್ಯಕ ಗಂಡಸರೇ ಹೆಚ್ಚಾಗಿ ಮಾತಾಡಿದ್ದಾರೆ, ಉಳಿದವರು ಕೇಳಿದ್ದಾರೆ. ಊರೂರು ತಿರುಗಿ ಯಕ್ಷಗಾನ ಕಲಿಸಿದ ಹೊಸ್ತೋಟ ಮಂಜುನಾಥ ಭಾಗವತರಂಥವರು ತಮ್ಮ ಪಾಲಿನ ಬಾಗಿಲು ತೆರೆದರು; ಮಹಿಳಾ ತಾಳಮದ್ದಳೆ ತಂಡಗಳೂ ಹುಟ್ಟಿವೆ. ಆದರೂ ಅಲ್ಲಲ್ಲಿ ಹಳೆಯ ಮೌನ ಹಾಗೇ ಇದೆ. ರಾಮ ತನ್ನ ಬಾಣಕ್ಕೆ ಕಾರಣ ಕೊಡುವಾಗ ರುಮೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ಅವಳಿಗೆ ಏನಾಯಿತು, ಅವಳು ಏನು ಬಯಸಿದಳು ಎಂದು ನಾನು ಕೇಳಿದ ಯಾವ ವಾಲಿಯೂ ಯಾವ ರಾಮನೂ ವಿಚಾರಿಸಲಿಲ್ಲ. ಅವಳಿಗೆ ಪದ್ಯವಿಲ್ಲ ಎಂಬುದು ನೆಪವಾಗದು. ಸುಗ್ರೀವನ ಬಾಯಲ್ಲಿ, ತಾರೆಯ ಬಾಯಲ್ಲಿ ಅವಳನ್ನು ತರಲು ಯಾವ ಕಟ್ಟೂ ಅಡ್ಡ ಬರುವುದಿಲ್ಲ. ಹೆಣ್ಣಿನ ಪ್ರಶ್ನೆ ಸಭೆಗೆ ಬಂದರೆ ಏನಾಗುತ್ತದೆ ಎಂಬುದನ್ನು ಭೀಷ್ಮವಿಜಯ ಪ್ರಸಂಗದಲ್ಲಿ ಅಂಬೆ ತೋರಿಸಿದ್ದಾಳೆ: ನಿನ್ನ ವ್ರತಕ್ಕೆ ನನ್ನ ಬದುಕನ್ನೇಕೆ ತೆತ್ತೆ ಎಂದು ಅವಳು ನೇರವಾಗಿ ಕೇಳಿದಾಗ ಎಂಥ ಭೀಷ್ಮನೂ ಉತ್ತರಕ್ಕೆ ತಡಕಾಡುತ್ತಾನೆ, ಸಭೆಯೂ ಆ ತಡಕಾಟವನ್ನು ಒಪ್ಪಿಕೊಂಡು ಕೇಳುತ್ತದೆ.