ಕೆಟ್ಟವರಿಲ್ಲದ ಮನೆ

ಅಮೆರಿಕದ ಮನಶ್ಚಿಕಿತ್ಸಕ ರಿಚರ್ಡ್ ಶ್ವಾರ್ಟ್ಜ್ ಅವರು 2021ರಲ್ಲಿ ಪ್ರಕಟಿಸಿದ 'ನೋ ಬ್ಯಾಡ್ ಪಾರ್ಟ್ಸ್' ಎಂಬ ಪುಸ್ತಕ ಹೇಳುವುದಿಷ್ಟು: ಮನಸ್ಸೆಂಬುದು ಹಲವರು ಕೂಡಿ ಬಾಳುವ ಮನೆ, ಅದರಲ್ಲಿ ಕೆಟ್ಟವರು ಯಾರೂ ಇಲ್ಲ. ಎಳವೆಯಲ್ಲಿ ಪೆಟ್ಟು ತಿಂದ ಭಾಗಗಳು ಒಳಗೇ ಗಡೀಪಾರಾಗಿ ಕುಳಿತಿರುತ್ತವೆ. ಅವುಗಳ ಅಳು ಹೊರಗೆ ಕೇಳದಂತೆ ಕೆಲವು ಭಾಗಗಳು ಸದಾ ಕಾವಲು ಕಾಯುತ್ತವೆ. ಕೇಳಿಯೇಬಿಟ್ಟರೆ ಇನ್ನು ಕೆಲವು, ಬೆಂಕಿ ಆರಿಸುವವರಂತೆ, ಕುಡಿತವನ್ನೋ ಕೋಪವನ್ನೋ ಹಿಡಿದು ಧಾವಿಸುತ್ತವೆ.

ಪುಸ್ತಕದ ಬಲ ಅದರ ಪ್ರಾಮಾಣಿಕತೆ. ತನ್ನನ್ನು ತಾನೇ ಗಾಯ ಮಾಡಿಕೊಳ್ಳುತ್ತಿದ್ದ ಒಬ್ಬಾಕೆಯ ಆ ಭಾಗದಿಂದ ಶ್ವಾರ್ಟ್ಜ್ ಬಲವಂತವಾಗಿ ಮಾತು ಪಡೆದರು. ಮುಂದಿನ ಭೇಟಿಗೆ ಆಕೆ ಮುಖದ ಮೇಲೇ ಗಾಯ ಹೊತ್ತು ಬಂದಳು. ಅವರು ಸೋಲೊಪ್ಪಿ, ಹೀಗೇಕೆ ಮಾಡುತ್ತೀ ಎಂದು ಕೇಳಿದ ಮೇಲೆಯೇ ಅದು ಬಾಯಿಬಿಟ್ಟಿತು: ದೌರ್ಜನ್ಯದ ದಿನಗಳಲ್ಲಿ ಅವಳನ್ನು ಕಾಪಾಡಿದ್ದು ತಾನೇ ಎಂದು. ಗದರಿಸಿದರೆ ಹಟ ಬೆಳೆಯುತ್ತದೆ, ಹತ್ತಿರ ಕೂತು ವಿಚಾರಿಸಿದರೆ ಕಾರಣ ತಿಳಿಯುತ್ತದೆ ಎಂಬುದು ಮಕ್ಕಳಿಗೆ ಪಾಠ ಹೇಳುವವರಿಗೆ ಹೊಸದೇನಲ್ಲ.

ನನ್ನ ತಕರಾರು ಶೀರ್ಷಿಕೆಯ ಬಗ್ಗೆ. ನಮ್ಮ ಹೆಣ್ಣುಮಕ್ಕಳ ಕಿವಿಗೆ ಅದು 'ಹೊಡೆದವನೂ ಒಳ್ಳೆಯವನೇ, ಹೊಂದಿಕೊಂಡು ಹೋಗಮ್ಮ' ಎಂಬ ಹಳೆಯ ಬುದ್ಧಿವಾದದಂತೆ ಕೇಳಿಸೀತು. ಲೇಖಕರ ಅಭಿಪ್ರಾಯ ಅದಲ್ಲ. ಕೇಡು ಮಾಡುವ ಭಾಗದ ನೋವನ್ನು ಅರಿಯುವುದು ಬೇರೆ, ಕೇಡನ್ನು ಒಪ್ಪುವುದು ಬೇರೆ. ಪೆಟ್ಟು ಇನ್ನೂ ನಿಲ್ಲದ ಮನೆಯಲ್ಲಿರುವವಳಿಗೆ ಒಳಗಿನ ಕಾವಲುಗಾರ ಬೇಕೇ ಬೇಕು. ಅವನನ್ನು ಮಲಗು ಎನ್ನುವುದು ಅಪಾಯ. ಮೊದಲು ಆ ಪೆಟ್ಟನ್ನು ನಿಲ್ಲಿಸಬೇಕು. ಇದನ್ನು ನೆನಪಿಟ್ಟು ಓದುವವರಿಗೆ ಪುಸ್ತಕದಿಂದ ನಿಜವಾದ ಉಪಕಾರವಿದೆ.